ಗ್ಲಾಸಿನಲ್ಲಿ ಉಜ್ಜಿದ ಬ್ಲೇಡು

ಮೊನ್ನೆ ನನ್ನ ಅಂಗಿಯ ಗುಂಡಿಯೊಂದು ಕಿತ್ತುಹೋಯಿತು. ಹೆಂಡತಿ ಜೊಹರಾ ಪಕ್ಕದ ಮನೆಗೆ ಹೋಗಿದ್ದಳು. ಅವಳು ಬರುವವರೆಗೆ ಯಾಕೆ ಕಾಯಬೇಕು, ಒಂದು ಗುಂಡಿ ಹೊಲಿಯಲು ಯಾವ ಮಹಾ ವಿದ್ಯೆ ಬೇಕು ಎಂದುಕೊಂಡು ಕಪಾಟಿನಿಂದ ಅವಳ ಗುಂಡಿ ಡಬ್ಬಿಯನ್ನು ಇಳಿಸಿದೆ. ಹಳೆಯ ಬಿಸ್ಕತ್ತಿನ ಡಬ್ಬಿ ಅದು. ಮುಚ್ಚಳ ಬಿಗಿಯಾಗಿತ್ತೋ ನನ್ನ ಕೈ ಸಡಿಲವಾಗಿತ್ತೋ, ತೆರೆದ ರಭಸಕ್ಕೆ ಅರ್ಧಕ್ಕರ್ಧ ಗುಂಡಿಗಳು ನೆಲಕ್ಕೆ ಚೆಲ್ಲಿ ಮಂಚದಡಿಗೆ ಉರುಳಿದವು. ಮೊಣಕಾಲೂರಿ ಒಂದೊಂದನ್ನೇ ಹೆಕ್ಕಿ ತುಂಬುವಾಗ ಡಬ್ಬಿಯ ತಳದಲ್ಲಿ ಮೇಣದ ಕಾಗದದ ಒಂದು ಪುಟ್ಟ ಮಡಿಕೆ ಕಂಡಿತು. ಬಿಡಿಸಿದೆ. ಹಳೆಯ ತೆಂಗಿನೆಣ್ಣೆಯ ಕನರು ವಾಸನೆ ಬಂತು. ಒಳಗೊಂದು ಶೇವಿಂಗ್ ಬ್ಲೇಡು. ತುಕ್ಕಿನ ಒಂದು ಚುಕ್ಕೆ ಕೂಡ ಇರಲಿಲ್ಲ.

ಅದು ನನ್ನ ಮಾವನ ಬ್ಲೇಡು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬ್ಲೇಡಿಗೆ ಎಣ್ಣೆ ಸವರಿ, ಅದರದೇ ಕಾಗದದಲ್ಲಿ, ಮೊದಲಿದ್ದ ಮಡಿಕೆಯ ಗುರುತಿನಲ್ಲೇ ಮಡಚಿಡುವ ಮನುಷ್ಯ ನಾನು ಕಂಡಂತೆ ಅವರೊಬ್ಬರೇ.

ಒಂದು ಬ್ಲೇಡಿಗೆ ಇಷ್ಟು ಭಾವುಕನಾಗುವುದೇ ಎಂದು ನೀವು ನಗಬಹುದು. ನಗಿ, ತೊಂದರೆಯಿಲ್ಲ. ನಾನೀಗ ಬಳಸುವ ರೇಝರಿನ ತಲೆಯಲ್ಲಿ ಬ್ಲೇಡುಗಳು ಬಸ್ಸಿಗೆ ಕಾಯುವವರ ಹಾಗೆ ಒಂದರ ಹಿಂದೆ ಒಂದು ನಿಂತಿವೆ. ಮೊಂಡಾದರೆ ತಲೆಯನ್ನೇ ಕಿತ್ತು ಎಸೆಯುವುದು. ಕಳೆದ ವರ್ಷ ನಮ್ಮ ಮಗಳನ್ನು ಮದುವೆಯಾದ ಅಳಿಯನಿಗೆ ಅದೂ ಬೇಡ. ಅವನು ಟ್ರಿಮ್ಮರ್ ಹಿಡಿದು ಮೊಬೈಲು ನೋಡುತ್ತಲೇ ಗಡ್ಡ ಮುಗಿಸುತ್ತಾನೆ. ಇಂಥ ಕಾಲದಲ್ಲಿ ಒಂದು ಬ್ಲೇಡನ್ನು ತಿಂಗಳುಗಟ್ಟಲೆ ಬಾಳಿಸಿದವರ ಕಥೆ ಯಾರಿಗೆ ಬೇಕು? ಆದರೂ ಹೇಳುತ್ತೇನೆ. ಗುಂಡಿ ಹೇಗೂ ಹೊಲಿದಾಗಲಿಲ್ಲ.

ನನ್ನ ಊರು ಕನ್ಯಾನ. ಕೆಲಸವಿದ್ದದ್ದು ಮೂಡುಬಿದಿರೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ. ಮದುವೆಯಾದದ್ದು ಬಂಟ್ವಾಳ ಪೇಟೆಯ ಟೈಲರ್ ಹಸನಬ್ಬರ ಮಗಳನ್ನು. ತೊಂಬತ್ತರ ದಶಕದ ಮೊದಲಿನ ಮಾತು. ನಮ್ಮ ಬ್ಯಾರಿಗಳಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ಇರುವ ವಾಡಿಕೆ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಉಂಟು. ಅವನಿಗೆಂದೇ ಒಂದು ಕೋಣೆ ಬಿಟ್ಟುಕೊಡುತ್ತಾರೆ. ಅವನನ್ನು ಕರೆಯುವುದು ಪುದಿಯಾಪ್ಳೆ ಎಂದು, ಅಂದರೆ ಮದುಮಗ. ಮದುವೆಯ ದಿನಕ್ಕೆ ಈ ಹೆಸರು ಸರಿಯೇ. ಆದರೆ ಮಕ್ಕಳಾಗಿ, ಹೊಟ್ಟೆ ಬಂದು, ನೆತ್ತಿ ಬೋಳಾದ ಮೇಲೂ ಆ ಮನೆಗೆ ಅವನು ಪುದಿಯಾಪ್ಳೆಯೇ. ಅವನು ಬರುತ್ತಾನೆಂದರೆ ಅಕ್ಕಿ ರೊಟ್ಟಿಯಂಥ ಪತ್ತಿರ್ ಸುಡಬೇಕು, ಕೋಳಿ ಸಾರು ಆಗಬೇಕು. ನೀರಿನ ಲೋಟವನ್ನೂ ಅವನು ತಾನಾಗಿ ಎತ್ತಿಕೊಳ್ಳಬಾರದು. ಅವನ ಕೈಯಿಂದ ಕೆಲಸ ಮಾಡಿಸಿದರೆ ಮನೆಯ ಮಾನ ಹೋದ ಹಾಗೆ. ಒಮ್ಮೆ ನಾನು ಬಾವಿಯಿಂದ ಒಂದು ಕೊಡ ನೀರು ಸೇದಿದ್ದಕ್ಕೆ ನನ್ನ ಅತ್ತೆ, ಅವರನ್ನು ನಾವು ಮಾಮಿ ಅನ್ನುತ್ತೇವೆ, ಮಗಳ ಹತ್ತಿರ ಕೆಲವು ದಿನ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಕನ್ಯಾನದಲ್ಲಿ ಹಲಸಿನಕಾಯಿ ಹೊತ್ತು ಗುಡ್ಡ ಇಳಿಯುತ್ತಿದ್ದವನಿಗೆ ಬಂಟ್ವಾಳದಲ್ಲಿ ಚಪ್ಪಲಿಯನ್ನೂ ಯಾರಾದರೂ ಮೆಟ್ಟಿಕೊಳ್ಳುವ ದಿಕ್ಕಿಗೆ ತಿರುಗಿಸಿ ಇಟ್ಟುಬಿಡುತ್ತಿದ್ದರು. ಮೊದಮೊದಲು ಸಂಕೋಚವಾಗುತ್ತಿತ್ತು. ಆಮೇಲೆ, ಸುಳ್ಳು ಯಾಕೆ, ಒಗ್ಗಿತು.

ಇಷ್ಟೆಲ್ಲ ಮರ್ಯಾದೆಯ ನಡುವೆ ಮಾವ ಅಳಿಯ ಎದುರುಬದುರು ಕೂತು ಹರಟುವುದೆಲ್ಲಿಂದ ಬಂತು? ಮಾವ ಚಾವಡಿಯಲ್ಲಿದ್ದರೆ ನಾನು ಕೋಣೆಯಲ್ಲಿ. ನಾನು ಚಾವಡಿಗೆ ಬಂದರೆ ಅವರಿಗೆ ಏನೋ ನೆನಪಾಗಿ ಅಂಗಳಕ್ಕೆ ಇಳಿಯುತ್ತಿದ್ದರು. ನಾವಿಬ್ಬರೂ ಒಟ್ಟಿಗೆ ನಿಲ್ಲುತ್ತಿದ್ದದ್ದು ಹಿಂದಿನ ಜಗಲಿಯಲ್ಲಿ ಮಾತ್ರ. ಅಲ್ಲಿ ಕಿಟಕಿಯ ಸರಳಿಗೆ ಕಟ್ಟಿದ ಕನ್ನಡಿಯೊಂದಿತ್ತು, ಮನೆಯಲ್ಲಿ ಗಡ್ಡ ಹೆರೆಯುವಷ್ಟು ಬೆಳಕಿದ್ದ ಜಾಗ ಅದೊಂದೇ. ವಾರದ ಕೊನೆಗೆ ಸಿದ್ಧಕಟ್ಟೆಯ ದಾರಿಯಾಗಿ ಬಸ್ಸು ಹಿಡಿದು ಬಂದವನು ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದರೆ, ಅವರು ಆಗಲೇ ಚಾದ ಗ್ಲಾಸು ಹಿಡಿದು ಕೂತಿರುತ್ತಿದ್ದರು. ಗ್ಲಾಸಿನಲ್ಲಿ ಚಾ ಇರುತ್ತಿರಲಿಲ್ಲ. ಬ್ಲೇಡು ಇರುತ್ತಿತ್ತು.

ಖಾಲಿ ಗ್ಲಾಸಿನ ಒಳಗೋಡೆಗೆ ಬ್ಲೇಡನ್ನು ಮಲಗಿಸಿ, ತೋರುಬೆರಳಿನಿಂದ ಅದರ ನಡುವನ್ನು ಒತ್ತಿ ಆಚೀಚೆ ಜಾರಿಸುತ್ತಿದ್ದರು. ಗ್ಲಾಸಿನ ಬಾಗು ಎರಡೂ ಅಂಚಿಗೆ ತಾಗುತ್ತದೆ. ಸ್ವಲ್ಪ ಹೊತ್ತು ಒಂದು ಮೈ, ಮಗುಚಿ ಇನ್ನೊಂದು ಮೈ. ಸರ್ಕ್, ಸರ್ಕ್ ಎಂದು ಅವಸರವಿಲ್ಲದ ಸದ್ದು. ಆ ಸದ್ದು ಕೇಳಿದರೆ ಮಾಮಿ ಒಳಗೆ ಚಾದ ನೀರು ಇಡುತ್ತಿದ್ದರು. ಗಡಿಯಾರ ನೋಡುವ ಅಭ್ಯಾಸ ಅವರಿಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಗ್ಲಾಸಿನ ಕೆಲಸ ಮುಗಿದ ಮೇಲೆ ಜೀನ್ಸ್ ತುಂಡಿನ ಸರದಿ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬರುವ ಕಾಲೇಜು ಹುಡುಗರು ಬಿಟ್ಟುಹೋದ ಕಾಲಿನ ತುಂಡನ್ನು ಒಂದು ಹಲಗೆಗೆ ಮೊಳೆ ಹೊಡೆದು ಇಟ್ಟುಕೊಂಡಿದ್ದರು. ಅದರ ಮೇಲೆ ಬ್ಲೇಡನ್ನು ಹಿಮ್ಮುಖವಾಗಿ ಎಳೆಯುವುದು. ಕ್ಷೌರವಾದ ಮೇಲಿನ ಉಪಚಾರವಂತೂ ಬಾಣಂತಿಗೆ ಮಾಡುವಂಥದ್ದು. ರೇಝರಿನ ತಿರುಪು ಬಿಚ್ಚಿ, ನೀರು ಕೊಡವಿ, ಬೈರಾಸಿನ, ಅಂದರೆ ಟವೆಲಿನ, ಎರಡು ಮಡಿಕೆಯ ನಡುವೆ ಬ್ಲೇಡನ್ನು ಇಟ್ಟು ಒತ್ತುತ್ತಿದ್ದರು. ಎಳೆದು ಒರೆಸಬಾರದು, ಅಂಚು ಹೋಗುತ್ತದೆ. ಆಮೇಲೆ ಬೆರಳ ತುದಿಯಲ್ಲಿ ಒಂದು ಹನಿ ತೆಂಗಿನೆಣ್ಣೆ, ಆಮೇಲೆ ಕಾಗದ. ನಮ್ಮ ಸೆಖೆಗೂ ಆರು ತಿಂಗಳ ಮಳೆಗೂ ಬ್ಲೇಡನ್ನು ತಿನ್ನುವುದು ಗಡ್ಡವಲ್ಲ, ತೇವ ಎಂದು ಅವರ ವಾದ. ಈ ವಿಷಯದಲ್ಲಿ ಮನೆಗೊಂದು ಮತವಿತ್ತೆನ್ನಿ. ನಾರಾವಿಯಿಂದ ಬರುತ್ತಿದ್ದ ನನ್ನ ಜೈನ ಸಹೋದ್ಯೋಗಿಯೊಬ್ಬರು ಬ್ಲೇಡನ್ನು ಮುಖದ ಪೌಡರಿನ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ಮಾವನಿಗೆ ಹೇಳಿದೆ. ಅವರು ತುಂಬ ಹೊತ್ತು ಯೋಚಿಸಿ, "ಪೌಡರು ನೀರು ಎಳೀತದೆ, ಸರಿ. ಆದರೆ ಅವರ ಹೆಂಡತಿ ಎಂತ ಹಚ್ಚಿಕೊಳ್ಳುವುದು?" ಎಂದರು.

ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಹಾಗಾಗಿ ಮಾವನ ಮಾತಿನ ಉಪ್ಪು ಸ್ವಲ್ಪ ಕಡಿಮೆಯಾದರೆ ತಪ್ಪು ನನ್ನದು.

ನಾನೋ, ಬ್ಲೇಡನ್ನು ಎರಡು ಸಲ ಬಳಸಿ ಬೇಲಿಯಾಚೆ ಎಸೆಯುವವನು. ಒಂದು ಬೆಳಿಗ್ಗೆ ಮಾವ ನಾನು ಎಸೆದ ಬ್ಲೇಡನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಗೆ ಬಂದರು. "ಇದು ಯಾಕೆ ಬಿಸಾಡಿದ್ದು ಪುದಿಯಾಪ್ಳೆ? ಇದಕ್ಕೆ ಎಂತ ಆಗಿದೆ?"

"ಮೊಂಡಾಗಿದೆ ಮಾವ."

"ಮೊಂಡಾದದ್ದಲ್ಲ. ಸುಸ್ತಾದದ್ದು. ಎರಡಕ್ಕೂ ವ್ಯತ್ಯಾಸ ಉಂಟಲ್ಲ?" ಎಂದು ಗ್ಲಾಸಿಗೆ ಹಾಕಿದರು. ನಾನೇ ಎಸೆದ ಬ್ಲೇಡಿನಿಂದ ಆವತ್ತು ನನ್ನ ಕ್ಷೌರವಾಯಿತು. ಹೊಸದಕ್ಕಿಂತ ನಯವಾಗಿತ್ತು. ಅಂದಿನಿಂದ ನನ್ನ ಬ್ಲೇಡೂ ಅವರ ಗ್ಲಾಸಿಗೇ ಸೇರಿತು. ಜಿಪುಣತನ ಎಂದುಕೊಳ್ಳಬೇಡಿ. ಅದೇ ಮನುಷ್ಯ ಶಾಲೆ ಶುರುವಾಗುವಾಗ ಬಡ ಮಕ್ಕಳ ಸಮವಸ್ತ್ರ ಹೊಲಿದು ಕೊಟ್ಟು, ಕೂಲಿ ಕೇಳಲು ಮರೆತವರ ಹಾಗೆ ನಟಿಸುತ್ತಿದ್ದರು. ಇನ್ನೂ ಕೆಲಸ ಮಾಡಬಲ್ಲದ್ದನ್ನು ಆಯಿತು ಎಂದು ಎಸೆಯಲು ಅವರಿಗೆ ಮನಸ್ಸಾಗುತ್ತಿರಲಿಲ್ಲ, ಅಷ್ಟೆ. ಮುಖಕ್ಕೆ ನಿಜವಾಗಿಯೂ ಆಗದು ಎಂದಾದ ಬ್ಲೇಡು ಕೂಡ ಉದ್ದಕ್ಕೆ ಎರಡಾಗಿ, ಒಂದು ಬದಿಗೆ ಬಟ್ಟೆ ಸುತ್ತಿಸಿಕೊಂಡು, ಹೊಲಿಗೆ ಬಿಚ್ಚಲು ಅಂಗಡಿಗೆ ಹೋಗುತ್ತಿತ್ತು.

ಆ ಪೇಟೆಯಲ್ಲಿ, ಅವರ ವಯಸ್ಸಿನವರಲ್ಲಿ, ನುಣ್ಣಗೆ ಕ್ಷೌರ ಮಾಡುತ್ತಿದ್ದವರು ಕಡಿಮೆ. ನಮಾಝ್ ತಪ್ಪಿಸದ ಮನುಷ್ಯ, ಗಡ್ಡ ಮಾತ್ರ ಯಾಕಿಲ್ಲ ಎಂದು ಜನ ಕೇಳುತ್ತಿದ್ದರು. ಊರವರಿಗೆ ಅವರು ಹಸನಾಕ. "ಹಸನಾಕ, ಗಡ್ಡ ಯಾವಾಗ?" ಎಂದು ಮಸೀದಿಯ ಮೆಟ್ಟಿಲಲ್ಲಿ ಕೀಟಲೆ. ಮಾವ ನಕ್ಕು ಮೆಟ್ಟಿಲು ಇಳಿಯುತ್ತಿದ್ದರು. ಕಾರಣವನ್ನು ಒಮ್ಮೆ ಕನ್ನಡಿಯ ಮುಂದೆ ನನಗೆ ಹೇಳಿದ್ದರು.

"ನಾನು ಟೈಲರು ಪುದಿಯಾಪ್ಳೆ. ಅಂಗಿ ಕೇಳಿದವರಿಗೆಲ್ಲ ನಾಳೆ ಬನ್ನಿ ಅಂತೇನೆ. ನಾಳೆ ಬಂದರೆ ಮತ್ತೆ ನಾಳೆ ಅಂತೇನೆ. ಆಗುವುದಿಲ್ಲ ಅಂತ ನನಗೂ ಗೊತ್ತುಂಟು, ಅವರಿಗೂ ಗೊತ್ತುಂಟು. ಗಡ್ಡ ಇಟ್ಟುಕೊಂಡು ಹಾಗೆ ಹೇಳ್ಲಿಕ್ಕೆ ಆಗ್ತದಾ? ನಾಳೆ ಹೇಳುವುದು ನಿಂತ ದಿವಸ ಇಡ್ತೇನೆ."

ಗಡ್ಡವನ್ನು ಅವರು ಎಷ್ಟು ದೊಡ್ಡ ವಿಷಯವೆಂದು ತಿಳಿದಿದ್ದರು ಎಂಬುದು ನನಗೆ ಅರ್ಥವಾದದ್ದು ಆವಾಗ. ಅವರು ಗಡ್ಡ ಹೆರೆಯುತ್ತಿದ್ದದ್ದು ಅದರ ಮೇಲಿನ ಗೌರವದಿಂದ.

ಹೀಗೆ ಕೆಲವು ವರ್ಷ ಕಳೆದವು. ಒಂದು ಸಲ ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿಯಿಂದಾಗಿ ನಾನು ಬಂಟ್ವಾಳಕ್ಕೆ ಬರುವುದು ತಡವಾಯಿತು. ಬಂದಾಗ ನೋಡುತ್ತೇನೆ, ಮಾವನ ಮುಖದಲ್ಲಿ ಬಿಳಿ ಗಡ್ಡ. ಜ್ವರವೇನಾದರೂ ಬಂದಿತ್ತೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಮಾಮಿ ಒಳಗಿನಿಂದ ಸಂಭ್ರಮದಲ್ಲಿ, "ನೋಡಿದಿರಾ ಪುದಿಯಾಪ್ಳೆ? ಇವರು ಗಡ್ಡ ಇಟ್ಟದ್ದು!" ಎಂದರು. ಮಾವ ನೆಲ ನೋಡುತ್ತಿದ್ದರು. ನಾಚಿಕೆ ಎಂದುಕೊಂಡೆ.

ಆ ಗಡ್ಡದಿಂದ ಅವರಿಗೆ ಬಂದ ಮರ್ಯಾದೆ ಹೇಳತೀರದು. ಮಸೀದಿಯಲ್ಲಿ ಎಲ್ಲೋ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದವರನ್ನು ಕೈಹಿಡಿದು ಮುಂದಿನ ಸಾಲಿಗೆ ಕರೆದರು. ಮದುವೆ ಮಾತುಕತೆಗೆ ಹಿರಿಯರು ಬೇಕೆಂದರೆ ಹಸನಾಕ. ಅಣ್ಣತಮ್ಮಂದಿರ ಜಗಳವಾದರೂ ಹಸನಾಕ. "ಮಾಷಾ ಅಲ್ಲಾಹ್, ಮುಖಕ್ಕೆ ಬೆಳಕು ಬಂತು" ಎಂದರು ಜನ. ನನಗೂ ಹಾಗೆಯೇ ಕಂಡಿತು. ನೋಡುವ ಕಣ್ಣಿಗೆ ಮೊದಲೇ ಹೇಳಿಟ್ಟರೆ ಬೆಳಕು ಎಲ್ಲಿ ಬೇಕಾದರೂ ಕಾಣುತ್ತದೆ.

ಆದರೆ ನಾನು ಬಂದ ಮರುದಿನ ಬೆಳಿಗ್ಗೆಯೇ ಹಿಂದಿನ ಜಗಲಿಯಿಂದ ಗ್ಲಾಸಿನ ಸದ್ದು ಕೇಳಿತು.

ನಾನು ಹಾಸಿಗೆಯಲ್ಲೇ ಎದ್ದು ಕೂತೆ. ಗಡ್ಡ ಇಟ್ಟವರಿಗೆ ಬ್ಲೇಡು ಯಾಕೆ? ನನ್ನದಂತೂ ಬ್ಯಾಗಿನಲ್ಲಿತ್ತು. ಹೋಗಿ ನೋಡಿದರೆ ಮಾವ ಎಂದಿನಂತೆ ಕೂತು ಉಜ್ಜುತ್ತಿದ್ದಾರೆ. ಉಜ್ಜಿ ರೇಝರಿಗೆ ಹಾಕಿದರು. ಕನ್ನಡಿಯಲ್ಲಿ ಮುಖ ನೋಡಿದರು. ಮತ್ತೆ ತಿರುಪು ಬಿಚ್ಚಿ, ನೀರೇ ಮುಟ್ಟದ ಬ್ಲೇಡನ್ನು ಬೈರಾಸಿನಲ್ಲಿ ಒತ್ತಿ, ಎಣ್ಣೆ ಸವರಿ, ಕಾಗದದಲ್ಲಿ ಮಡಚಿಟ್ಟರು. ಜೊಹರಾಳನ್ನು ಕೇಳಿದೆ. "ಬಾಪ ಅಭ್ಯಾಸ ಬಿಡ್ಲಿಕ್ಕೆ ಆಗದೆ ಮಾಡುವುದು, ನೀವು ಕೇಳ್ಲಿಕ್ಕೆ ಹೋಗ್ಬೇಡಿ" ಎಂದಳು. ನಾನೂ ಬಿಟ್ಟೆ. ಬೀಡಿ ಬಿಟ್ಟವರು ಬೆಂಕಿಪೊಟ್ಟಣ ಇಟ್ಟುಕೊಂಡಿರುವುದಿಲ್ಲವೇ ಎಂದುಕೊಂಡೆ.

ಬೇಸಗೆ ರಜೆ ಬಂತು. ಮೂಡುಬಿದಿರೆಯ ಹಾಸ್ಟೆಲುಗಳು ಖಾಲಿಯಾದವು. ನಾನು ಬಂಟ್ವಾಳದಲ್ಲೇ ಉಳಿದೆ. ದಿನಾ ಕೇಳತೊಡಗಿದ ಮೇಲೆ ಆ ಸದ್ದು ಬದಲಾಗಿದೆ ಎಂದು ಕಿವಿಗೆ ಬಿತ್ತು. ಮೊದಲಿನ ಸರ್ಕ್, ಸರ್ಕ್ ಈಗಿರಲಿಲ್ಲ. ಟಿಣಿಟಿಣಿ ಎಂದು ಬ್ಲೇಡು ಗ್ಲಾಸಿಗೆ ಬಡಿಯುವ ಸದ್ದು. ಒಂದು ಬೆಳಿಗ್ಗೆ ನಾನು ಹೋದದ್ದು ಅವರಿಗೆ ತಿಳಿಯಲಿಲ್ಲ. ಕಂಬದ ಹಿಂದೆ ನಿಂತು ನೋಡಿದೆ. ಗ್ಲಾಸಿನೊಳಗೆ ಅವರ ಬೆರಳು ನಡುಗುತ್ತಿತ್ತು. ಬೆರಳಷ್ಟೇ ಅಲ್ಲ, ಮಣಿಕಟ್ಟು, ಮೊಣಕೈ. ಅವರು ಉಜ್ಜುತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ಉಜ್ಜಿಕೊಳ್ಳುತ್ತಿತ್ತು.

ಅವರು ತಲೆಯೆತ್ತಿದರು. ನಾನು ನೋಡಿದ್ದು ಅವರಿಗೆ ತಿಳಿಯಿತು.

"ಕೂತುಕೊಳ್ಳಿ ಪುದಿಯಾಪ್ಳೆ," ಎಂದರು. ಗ್ಲಾಸನ್ನು ಕೆಳಗಿಟ್ಟು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. "ಈ ಕೈಗೆ ಈಗ ಸರಿಯಾಗಿ ಬರುವ ಕೆಲಸ ಇದೊಂದೇ. ಬ್ಲೇಡು ಮೊದಲಿಗಿಂತ ಚೆಂದ ಹರಿತ ಆಗ್ತದೆ. ಮುಖಕ್ಕೆ ತೆಗೆದುಕೊಂಡು ಹೋಗ್ಲಿಕ್ಕೆ ಮಾತ್ರ ಆಗುವುದಿಲ್ಲ." ಅಂಗಿಯ ಕಾಲರು ಸರಿಸಿ ತೋರಿಸಿದರು. ಗಡ್ಡದ ಕೆಳಗೆ ಹಳೆಯ ಗಾಯದ ಎರಡು ಗೀರು.

ಆಮೇಲೆ ಅವರು ಹೇಳಿದ್ದು ಇಷ್ಟು. ಕೈ ನಡುಗಲು ಶುರುವಾದಾಗ ಕೆಲವು ದಿನ ಕ್ಷೌರ ಬಿಡುವ, ಸರಿಯಾದೀತು ಎಂದುಕೊಂಡರಂತೆ. ಪೇಟೆಯ ಕ್ಷೌರದಂಗಡಿಗೆ ಹೋದರೆ ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ಕೇಳುತ್ತಾರೆ. ಟೈಲರನ ಕೈ ನಡುಗುತ್ತದೆ ಎಂದು ಪೇಟೆಗೆ ತಿಳಿದರೆ ಯಾರು ಬಟ್ಟೆ ಕೊಡುತ್ತಾರೆ? ಜೂನಿನಲ್ಲಿ ಶಾಲೆ ಶುರು. ಅಂಗಡಿಯಲ್ಲಿ ಕತ್ತರಿ ಹಿಡಿಯುವುದನ್ನು ಆಗಲೇ ಬಿಟ್ಟಿದ್ದರು, ಏನೇನೋ ನೆಪ ಹೇಳಿ ತಮ್ಮ ಕೈಕೆಳಗಿನ ಟೈಲರಿಗೆ ಕೊಡುತ್ತಿದ್ದರು. ಹೀಗೆ ದಿನ ದೂಡುತ್ತಿರುವಾಗಲೇ ಜನ ಅವರ ಮುಖ ನೋಡಿ ಮಾಷಾ ಅಲ್ಲಾಹ್ ಅಂದುಬಿಟ್ಟರು.

"ಆವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ಮರುದಿವಸ ಮುಂದಿನ ಸಾಲಿಗೆ ಕರೆದರು. ಈಗ ತೆಗೆದರೆ ಇಟ್ಟ ಗಡ್ಡ ತೆಗೆದ ಅಂತ ಆಗ್ತದೆ. ಇಡದೆ ಇದ್ದದ್ದಕ್ಕಿಂತ ಅದು ಕೆಟ್ಟದು."

"ಹಾಗಾದರೆ ಇರಲಿ ಮಾವ. ಚೆನ್ನಾಗಿಯೇ ಕಾಣುತ್ತದೆ."

"ನಿಯ್ಯತ್ತು ಇಲ್ಲ ಪುದಿಯಾಪ್ಳೆ," ಎಂದರು. ನಿಯ್ಯತ್ತು ಎಂದರೆ ಸಂಕಲ್ಪ. ನಮಾಝಿರಲಿ ಉಪವಾಸವಿರಲಿ, ಮನಸ್ಸಿನಲ್ಲಿ ಅದನ್ನು ಕಟ್ಟಿಕೊಳ್ಳದೆ ಮಾಡಿದ್ದು ಲೆಕ್ಕಕ್ಕಿಲ್ಲ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. "ನಾನು ಇಟ್ಟದ್ದಲ್ಲ, ಅದು ಬಂದದ್ದು. ದಿನಾ ಬೆಳಿಗ್ಗೆ ತೆಗೆಯುವ ಅಂತಲೇ ಬ್ಲೇಡು ಉಜ್ಜುತ್ತೇನೆ. ತೆಗೆಯುವ ನಿಯ್ಯತ್ತು ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಇದು ಎಂತ ನಮಾಝು?"

ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಬರುವ ಶುಕ್ರವಾರ ಮಸೀದಿಯ ಖತೀಬರು ಉಪದೇಶದಲ್ಲಿ ಅವರ ಹೆಸರು ಹೇಳುವವರಿದ್ದರಂತೆ. ವಯಸ್ಸಾದ ಮೇಲೂ ಮನಸ್ಸು ಮಾಡಿ ಗಡ್ಡ ಇಟ್ಟವರು ಎಂದು, ಹುಡುಗರಿಗೆ ಮಾದರಿಯಾಗಿ. ಮಾವನ ಕಣ್ಣಲ್ಲಿ ನೀರಿತ್ತು. ಕತ್ತರಿ ಕೈತಪ್ಪಿದ್ದನ್ನು ಹೇಳುವಾಗ ಇರಲಿಲ್ಲ.

"ನಾನು ಮಾಡುತ್ತೇನೆ ಮಾವ," ಎಂದೆ.

ಅವರು ಬೆಚ್ಚಿದರು. "ನೀವಾ? ಪುದಿಯಾಪ್ಳೆಯ ಕೈಯಿಂದ ಗಡ್ಡ ಮಾಡಿಸಿಕೊಳ್ಳುವುದಾ? ಕೇಳಿದವರು ಎಂತ ಹೇಳಿಯಾರು?"

"ಎರಡು ಮಕ್ಕಳಾದವು ಮಾವ. ಇನ್ನೂ ನಾನು ಮದುಮಗನಾ?"

ಅವರು ನಗಲು ಹೊರಟು ನಿಲ್ಲಿಸಿದರು. ಬ್ಲೇಡಿಗೆ ಎಣ್ಣೆ ಸವರಿ, ಕಾಗದದಲ್ಲಿ ಮಡಚಿ ಒಳಗೆ ಹೋದರು. ಒಂದು ಗಡ್ಡ ತೆಗೆಯುವುದು ಆ ಮನೆಯಲ್ಲಿ ಅಷ್ಟು ಸುಲಭದ ಮಾತಾಗಿರಲಿಲ್ಲ. ಮಾಮಿಗೆ ತಿಳಿದರೆ ಏನಾದೀತು ಎಂದು ನನಗೂ ಒಳಗೊಳಗೆ ಅಳುಕಿತ್ತು.

ಶುಕ್ರವಾರ ಬೆಳಿಗ್ಗೆ ಟಿಣಿಟಿಣಿ ಸದ್ದು ಎಂದಿಗಿಂತ ಹೆಚ್ಚು ಹೊತ್ತು ಕೇಳಿತು. ನಾನು ಜಗಲಿಗೆ ಹೋದಾಗ ಅವರು ಬೆನ್ನು ನೆಟ್ಟಗೆ ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಕೊರಳಿಗೆ ಬೈರಾಸು. ಪಕ್ಕದಲ್ಲಿ ಬಿಸಿನೀರು, ಬ್ರಷ್ಷು, ರೇಝರು. ಜೊತೆಗೆ ಅಂಗಡಿಯ ಕತ್ತರಿ. ಟೈಲರನ ಕತ್ತರಿಯ ಬಗ್ಗೆ ನಿಮಗೆ ಗೊತ್ತಿರಬಹುದು, ಬಟ್ಟೆ ಬಿಟ್ಟು ಬೇರೇನನ್ನೂ ಅದಕ್ಕೆ ತಾಗಿಸುವ ಹಾಗಿಲ್ಲ. ಚಿಕ್ಕವಳಿದ್ದಾಗ ಅದರಿಂದ ಕಾಗದ ಕತ್ತರಿಸಿದ್ದಕ್ಕೆ ಜೊಹರಾ ಪೆಟ್ಟು ತಿಂದಿದ್ದಳು. ಅದನ್ನು ಮಾವ ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. "ಉದ್ದ ಇರುವುದನ್ನು ಮೊದಲು ಇದರಲ್ಲಿ ತೆಗೆಯಿರಿ. ಬ್ಲೇಡಿಗೆ ಭಾರ ಆಗಬಾರದು," ಎಂದರು. ಅಂಥ ಹೊತ್ತಿನಲ್ಲೂ ಅವರಿಗೆ ಬ್ಲೇಡಿನ ಚಿಂತೆ.

ನಾನು ಬೇರೆಯವರ ಮುಖಕ್ಕೆ ಬ್ಲೇಡು ಹಿಡಿದವನಲ್ಲ. ಸೋಪು ಹಚ್ಚಿ, ಅವರ ಗಲ್ಲವನ್ನು ಎರಡು ಬೆರಳಿನಲ್ಲಿ ಎತ್ತಿದೆ. ಇಷ್ಟು ವರ್ಷದಲ್ಲಿ ನಾನು ಅವರನ್ನು ಮುಟ್ಟಿದ್ದು ಪೆರ್ನಾಳ್ ಹಬ್ಬದ ದಿನ ಕೈ ಕುಲುಕಲು ಮಾತ್ರ. ಅವರು ಕಣ್ಣು ಮುಚ್ಚಿದರು. ಕೆನ್ನೆಯ ಮೊದಲ ಎಳೆತಕ್ಕೆ ನನ್ನ ಕೈ ಅದುರಿತು.

ಕಣ್ಣು ಮುಚ್ಚಿಯೇ ಮಾವ ಹೇಳಿದರು: "ನಿಮ್ಮದೂ ನಡುಗ್ತದಲ್ಲ ಮಾರಾಯ್ರೆ."

ಇಬ್ಬರಿಗೂ ನಗು ಬಂತು. ಬ್ಲೇಡು ಹಿಡಿದುಕೊಂಡು ನಗಬಾರದು. ಆದರೂ ನಕ್ಕೆವು. ಆಮೇಲೆ ಕೈ ಹಿಡಿತಕ್ಕೆ ಬಂತು. ಬ್ಲೇಡು ಎಷ್ಟು ನಯವಾಗಿತ್ತೆಂದರೆ ನಾನು ಹಿಡಿದುಕೊಂಡರೆ ಸಾಕಿತ್ತು, ಅದೇ ದಾರಿ ಮಾಡಿಕೊಂಡು ಹೋಯಿತು. ಗಂಟಲಿನ ಹತ್ತಿರದ ಹಳೆಯ ಗೀರುಗಳನ್ನು ದಾಟುವಾಗ ಚರ್ಮವನ್ನು ಹೆಬ್ಬೆರಳಿನಿಂದ ಎಳೆದು ಹಿಡಿದೆ.

ಅಷ್ಟರಲ್ಲಿ ಮಾಮಿ ಚಾ ತಂದರು. ಬಾಗಿಲಲ್ಲೇ ನಿಂತರು. ಕೆಳಗೆ ಬಿದ್ದ ಬಿಳಿ ಗಡ್ಡ, ನನ್ನ ಕೈಯಲ್ಲಿ ರೇಝರು, ಪುದಿಯಾಪ್ಳೆಯ ಅಂಗಿಯ ತೋಳಿಗೆಲ್ಲ ಸೋಪು. ಈಗ ಕೂಗುತ್ತಾರೆ ಎಂದುಕೊಂಡೆ. ಅವರು ಕೂಗಲಿಲ್ಲ. ಎರಡು ಗ್ಲಾಸನ್ನೂ ಕಟ್ಟೆಯ ಮೇಲೆ ಇಟ್ಟರು. ನನ್ನ ಗ್ಲಾಸು ತುಂಬ ಇತ್ತು. ಮಾವನದು ಅರ್ಧ ಮಾತ್ರ.

"ತುಂಬ ಕೊಟ್ಟರೆ ತುಳುಕ್ತದೆ," ಎಂದರು ಮಾಮಿ. "ಕೈ ನಡುಗಲಿಕ್ಕೆ ಶುರುವಾದಾಗಿಂದ ಅರ್ಧವೇ ಕೊಡುವುದು. ಇವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

ಮಾವ ಕಣ್ಣು ತೆರೆದು ಹೆಂಡತಿಯನ್ನು ನೋಡಿದರು. ಆ ನೋಟದ ನಡುವೆ ನಿಂತಿರಲು ನನಗೆ ಮುಜುಗರವಾಗಿ ಬ್ರಷ್ಷು ತೊಳೆಯುವ ನೆಪದಲ್ಲಿ ಅಂಗಳಕ್ಕೆ ಇಳಿದೆ.

ಮಧ್ಯಾಹ್ನ ಮಸೀದಿಗೆ ನಾನೂ ಜೊತೆಗೆ ಹೋದೆ. ಮಾವ ಮುಂದಿನ ಸಾಲಿಗೆ ಹೋಗದೆ ತಮ್ಮ ಹಳೆಯ ಗೋಡೆಯ ಹತ್ತಿರವೇ ಕೂತರು. ತಲೆಗಳು ಒಂದೊಂದಾಗಿ ಹಿಂದೆ ತಿರುಗಿದವು. ಖತೀಬರು ಉಪದೇಶ ಶುರುಮಾಡುವ ಮೊದಲು ಒಮ್ಮೆ ಇತ್ತ ನೋಡಿ, ಕೆಮ್ಮಿ, ಬೇರೆ ವಿಷಯ ಹೇಳಿದರು. ನಮಾಝ್ ಮುಗಿದು ಹೊರಗೆ ಬಂದಾಗ ಮೆಟ್ಟಿಲಲ್ಲಿ ಗುಂಪು. "ಇಟ್ಟದ್ದನ್ನು ತೆಗೆಯುವುದಾ ಹಸನಾಕ?" ಎಂದು ಯಾರೋ ಅಂದರು. ಈ ಸಲ ಕೀಟಲೆಯ ದನಿ ಇರಲಿಲ್ಲ.

ಮಾವ ಖತೀಬರ ಮುಂದೆ ನಿಂತು ಬಲಗೈಯನ್ನು ಚಾಚಿದರು. ಅಷ್ಟು ಜನರ ನಡುವೆ, ಬಿಸಿಲಿನಲ್ಲಿ, ಆ ಕೈ ನಡುಗುತ್ತಿತ್ತು.

"ಉಸ್ತಾದರೇ, ನಾನು ಗಡ್ಡ ಇಟ್ಟದ್ದಲ್ಲ. ಕೈ ಹೀಗೆ ಆಗಿ ತೆಗೆಯಲಿಕ್ಕೆ ಆಗದೆ ಬಂದದ್ದು. ನೀವೆಲ್ಲ ಹೊಗಳುವಾಗ ಸುಮ್ಮನಿದ್ದೆ. ಇವತ್ತು ಅಳಿಯ ತೆಗೆದುಕೊಟ್ಟರು."

ಖತೀಬರು ಮಾವನಿಗಿಂತ ತುಂಬ ಚಿಕ್ಕವರು. ಅವರು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ತೆಗೆಯಬೇಕೆಂದು ಇರಲಿಲ್ಲ ಹಸನಾಕ. ಇದ್ದ ಹಾಗೆಯೇ ನಿಯ್ಯತ್ತು ಮಾಡಬಹುದಿತ್ತು" ಎಂದರು ಮೆಲ್ಲಗೆ.

"ಹೊಲಿಗೆ ತಪ್ಪಿದರೆ ಬಿಚ್ಚಿಯೇ ಹೊಲಿಯಬೇಕು ಉಸ್ತಾದರೇ," ಎಂದರು ಮಾವ. "ಮೇಲಿಂದ ಹೊಲಿದರೆ ಗಂಟು ಕಾಣ್ತದೆ."

ಖತೀಬರು ಕೈ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ಮೆಟ್ಟಿಲು ಇಳಿಸಿ ರಸ್ತೆಯವರೆಗೆ ಬಂದರು.

ಮನೆಗೆ ಬರುವ ದಾರಿಯಲ್ಲಿ ಅಂಗಡಿಯ ಮುಂದೆ ಮಾವ ನಿಂತರು. ಒಳಗೆ ಹೋಗಿ ಅಳತೆ ಪಟ್ಟಿಯನ್ನು ಮಾತ್ರ ಎತ್ತಿ ತಮ್ಮ ಕೊರಳಿಗೆ ಹಾಕಿಕೊಂಡರು. ಮಸೀದಿಗೆ ಹೋಗುವಾಗ ಅಲ್ಲಿ ಇಟ್ಟುಹೋಗಿದ್ದ ಕತ್ತರಿಯನ್ನು ಕೈಕೆಳಗಿನ ಟೈಲರಿಗೆ ಕೊಟ್ಟರು, ಈ ಸಲ ಯಾವ ನೆಪವನ್ನೂ ಹೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಾಳೆಯಿಂದ ಗಡ್ಡ ಇಡ್ತೇನೆ ಪುದಿಯಾಪ್ಳೆ" ಎಂದರು.

"ಟೈಲರ ನಾಳೆಯಾ ಮಾವ?"

"ಅಲ್ಲ. ಇನ್ನು ನಾಳೆ ಹೇಳುವ ಕೆಲಸ ಅವನದ್ದು." ಅಷ್ಟು ಹಗುರವಾಗಿ ಅವರು ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಹೇಳಿದ ಹಾಗೆ ಮರುದಿನದಿಂದ ಅವರು ಬ್ಲೇಡಿಗೆ ಮುಖ ಕೊಡಲಿಲ್ಲ. ಎರಡನೆಯ ಗಡ್ಡ ಮೊದಲಿನದರಷ್ಟೇ ಬೆಳ್ಳಗೆ ಬಂತು, ಹೆಚ್ಚು ಬೆಳಕೇನೂ ಕಾಣಲಿಲ್ಲ, ಅಥವಾ ನಾನು ಹುಡುಕಲಿಲ್ಲ. ಆ ವರ್ಷ ಸಮವಸ್ತ್ರದ ಕೆಲಸ ಸ್ವಲ್ಪ ಕಡಿಮೆಯಾಯಿತು, ಮುಂದಿನ ವರ್ಷ ಮತ್ತೆ ಬಂತು. ಮುಂದಿನ ಸಾಲಿಗೆ ಕರೆದರೆ ಹೋಗುತ್ತಿದ್ದರು. ಕೆನ್ನೆಯ ಮೇಲಿನ ಅಂಚು, ಮೀಸೆಯ ತುದಿ ಸರಿಮಾಡುವ ಕೆಲಸ ಖಾಯಂ ನನ್ನದಾಯಿತು. ಆಮೇಲಿನ ವರ್ಷಗಳಲ್ಲಿ ಬಾವಿಯಿಂದ ನೀರು ಸೇದಿದರೂ ಮಾಮಿ ಏನೂ ಅನ್ನುತ್ತಿರಲಿಲ್ಲ. ಗ್ಲಾಸನ್ನು ಮಾತ್ರ ಮಾವ ನನಗೆ ಮುಟ್ಟಗೊಡಲಿಲ್ಲ. ನನ್ನ ಬ್ಲೇಡನ್ನೂ ತಾವೇ ಉಜ್ಜಿಕೊಡುತ್ತಿದ್ದರು, ಕೊನೆಯವರೆಗೂ. ಅವರು ತೀರಿಹೋದ ಮೇಲೆ ಬೆಳಿಗ್ಗೆ ಆ ಸದ್ದಿಲ್ಲದೆ ಮಾಮಿಗೆ ಚಾ ಇಡುವ ಹೊತ್ತೇ ತಿಳಿಯುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಡಬ್ಬಿಯಲ್ಲಿ ಸಿಕ್ಕಿದ್ದು ಆ ಶುಕ್ರವಾರದ ಬ್ಲೇಡೇ? ಹೇಳಲಾರೆ. ಎಲ್ಲ ಬ್ಲೇಡೂ ಒಂದೇ ತರ. ಗುಂಡಿಗಳನ್ನು ತುಂಬಿಯಾದ ಮೇಲೆ ಅಡುಗೆಮನೆಯಿಂದ ಒಂದು ಗ್ಲಾಸು ತಂದೆ. ಬ್ಲೇಡನ್ನು ಒಳಗೋಡೆಗೆ ಮಲಗಿಸಿ ಬೆರಳು ಒತ್ತಿದೆ. ಇಷ್ಟು ವರ್ಷ ನೋಡಿದ್ದೆನೇ ಹೊರತು ನಾನೇ ಮಾಡಿದ್ದು ಅದೇ ಮೊದಲು. ಸರ್ಕ್ ಎನ್ನಬೇಕಾಗಿದ್ದ ಬ್ಲೇಡು ಟಿಣಿಟಿಣಿ ಎಂದಿತು. ಒತ್ತಿ ಹಿಡಿದೆ. ಮತ್ತೆ ಟಿಣಿಟಿಣಿ.

ಜೊಹರಾ ಯಾವಾಗ ಬಂದಳೋ, ಒಳಗೆ ಚಾದ ಪಾತ್ರೆ ಒಲೆಗೇರಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚಾ ತಂದು ನನ್ನ ಮುಂದಿಟ್ಟಳು. ಗ್ಲಾಸು ಅರ್ಧ ಮಾತ್ರ ತುಂಬಿತ್ತು.

ನಾನು ಗ್ಲಾಸನ್ನು ನೋಡಿದೆ. ಅವಳನ್ನು ನೋಡಿದೆ. "ಯಾವಾಗಿನಿಂದ?" ಎಂದೆ.

"ಮಳೆ ಶುರುವಾದಾಗಿನಿಂದ ಹೀಗೆಯೇ ಕೊಡುವುದು. ನೀವು ನೋಡ್ಲಿಲ್ಲ." ಕೂತು ಗುಂಡಿಗೆ ದಾರ ಪೋಣಿಸತೊಡಗಿದಳು. "ಡಾಕ್ಟರ ಹತ್ತಿರ ಹೋಗುವ. ಹೆದರ್ಬೇಡಿ."

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮಾವ ಎಷ್ಟೋ ತಿಂಗಳು ಒಬ್ಬರೇ ಹೊತ್ತು ತಿರುಗಿದ್ದನ್ನು ನಾನು ಅರ್ಧ ಗ್ಲಾಸು ಚಾ ಮುಗಿಯುವುದರೊಳಗೆ ಕೆಳಗಿಳಿಸಿಬಿಟ್ಟೆ. ಈ ಶುಕ್ರವಾರ ಅಳಿಯ ಬರುತ್ತಾನೆ. ನಮ್ಮ ಮನೆಗೂ ಅವನು ಪುದಿಯಾಪ್ಳೆ, ಜೊಹರಾ ಆಗಲೇ ಕೋಳಿಗೆ ಹೇಳಿಯಾಗಿದೆ. ಉಂಡಾದ ಮೇಲೆ ಅವನನ್ನು ಬೆಳಕಿರುವ ಕಡೆ ಕರೆದು, ನನ್ನ ಮುಖದ ಮೇಲೆ ಬ್ಲೇಡು ಎಳೆಯುವುದು ಹೇಗೆಂದು ಕಲಿಸಬೇಕು. ಉಜ್ಜುವುದನ್ನು ಅವನಿಗೆ ಕಲಿಸಲಿಕ್ಕಿಲ್ಲ. ಅದನ್ನು ನಾನೇ ಮಾಡಿಕೊಡುತ್ತೇನೆ.